ಟೈಪಿಂಗ್ ಸರ್ ಬರೆದ ಗುಡಿ

ಮೊನ್ನೆ ನವನಗರದ ಮನೆಯಲ್ಲಿ ಕಪಾಟು ಒರೆಸಲೆಂದು ಸೀರೆಗಳನ್ನೆಲ್ಲ ಕೆಳಗಿಳಿಸಿದೆ. ತಳಕ್ಕೆ ಹಾಸಿದ್ದ ಕಾಗದ ಹಳದಿಯಾಗಿ, ಮುಟ್ಟಿದರೆ ಮುರಿಯುವಂತಾಗಿತ್ತು. ಎರಡೂ ಅಂಚಿಗೆ ಸಾಲು ತೂತು, ನಡುವೆ ಚುಕ್ಕಿ ಚುಕ್ಕಿಯ ಮಸುಕು ಅಕ್ಷರ. ಕನ್ನಡಕ ಹುಡುಕಿ ತಂದು ಓದಿದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಕನ್ನಡ: ‘ನೀವು ಐಹೊಳೆಯಲ್ಲಿ ಬಸ್ ಇಳಿದಿದ್ದೀರಿ. ಬಿಸಿಲು ಬಹಳ. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಚೀಲ. ಈಗ ಏನು ಮಾಡುತ್ತೀರಿ?’ ಸೀರೆಗಳು ಮಂಚದ ಮೇಲೆಯೇ ಉಳಿದವು. ನಾನು ನೆಲದ ಮೇಲೆ ಕೂತುಬಿಟ್ಟೆ...

ಅದನ್ನು ಬರೆದವರು ನಮ್ಮ ಟೈಪಿಂಗ್ ಸರ್. ಎಂಬತ್ತರ ದಶಕದ ಕೊನೆಯ ವರ್ಷಗಳು. ಹಳೇ ಬಾಗಲಕೋಟೆಯ ಓಣಿಯೊಂದರಲ್ಲಿ ಕಿರಾಣಿ ಅಂಗಡಿಯ ಮೇಲೆ ಅವರ ಕ್ಲಾಸಿತ್ತು. ಎಂಟು ಮಷಿನ್ನು ಒಟ್ಟಿಗೆ ಶುರುವಾದರೆ ಕೆಳಗೆ ಅಂಗಡಿಯವರು ಗಿರಾಕಿಗಳ ಜೊತೆ ಕೂಗಿಯೇ ಮಾತಾಡಬೇಕಿತ್ತು. ಸರ್ ಐಹೊಳೆಯವರು. ಭಾನುವಾರ ಬಿಟ್ಟರೆ, ಶುಕ್ರವಾರ ನಮಾಜಿಗೆ ಹೋಗುವಾಗ ಮಾತ್ರ ಕ್ಲಾಸಿಗೆ ಬೀಗ. ಯಾರನ್ನೂ ಬೈದವರಲ್ಲ. ತಪ್ಪಾದ ಹಾಳೆಯನ್ನು ಬೆಳಕಿಗೆ ಹಿಡಿದು, ಸುಮ್ಮನೆ ಒಂದು ಉಸಿರು ಬಿಡುತ್ತಿದ್ದರು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ವಾಸಿ ಅನಿಸುತ್ತಿತ್ತು.

ಒಂದು ದಿನ ಅವರು ಹುಬ್ಬಳ್ಳಿಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದರು. ಅದಕ್ಕೆಂದೇ ಮೂಲೆಯಲ್ಲಿ ಹಲಗೆ ಹೊಡೆಸಿ ಒಂದು ಕೋಣೆ ಆಯಿತು, ಪರದೆ ಬಂತು. ಧೂಳು ಹೋದರೆ ಕೆಟ್ಟೀತೆಂದು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಮೊದಲ ದಿನ ನಾನು ಅದಕ್ಕೆ ಕೈಮುಗಿದಿದ್ದೆ ಎಂದು ಗೆಳತಿಯರು ವರ್ಷವಿಡೀ ಕಾಡಿಸಿದರು. ಸುಳ್ಳೇನಲ್ಲ, ಮುಗಿದಿದ್ದೆ.

ಅದರಲ್ಲಿ ಸರ್ ಒಂದು ಆಟ ಬರೆದರು. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ತೆರೆಯ ಮೇಲೆ ಬರೀ ಹಸಿರು ಅಕ್ಷರ. ಅದು ನೀವೆಲ್ಲಿದ್ದೀರಿ ಎಂದು ಹೇಳುತ್ತಿತ್ತು, ಏನು ಮಾಡುತ್ತೀರೆಂದು ನಾವು ಟೈಪ್ ಮಾಡಬೇಕು. ‘ಎದುರಿಗೆ ಬಾವಿ ಇದೆ’ ಎಂದರೆ ನನಗೆ ಕಾಣುತ್ತಿದ್ದದ್ದು ಹುನಗುಂದದ ನಮ್ಮ ಅಜ್ಜಿಯ ಹಿತ್ತಲ ಬಾವಿ. ಪಕ್ಕದವಳಿಗೆ ಅವಳ ಊರಿನದು. ನನ್ನ ಬಾವಿಗೆ ಮೆಟ್ಟಿಲಿವೆ, ನಿನ್ನದಕ್ಕಿಲ್ಲ ಎಂದು ಮನೆ ಮುಟ್ಟುವ ತನಕ ಜಗಳವಾಡುತ್ತಿದ್ದೆವು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಐಹೊಳೆಯ ದಾರಿ ಬರೆದುಕೊಂಡಿದ್ದೆವು. ಅಷ್ಟು ಖುಷಿಯಾಗಿ ನಾನು ಬೇರೆ ಯಾವುದನ್ನೂ ಕಲಿತಿಲ್ಲ.

ಕೊನೆಗೆ ಒಂದು ಗುಡಿ ಬರುತ್ತಿತ್ತು. ಎಲ್ಲರೂ ಅಲ್ಲಿ ಸಿಕ್ಕಿಬೀಳುತ್ತಿದ್ದರು. ತಲೆ ಬಾಗಿಸಿದೆವು, ದೀಪ ಹಚ್ಚಿದೆವು, ಕಾಯಿ ಒಡೆದೆವು. ಒಬ್ಬಳು ಸಿಟ್ಟಿಗೆದ್ದು ನಾಲ್ಕು ಬೈಗುಳವನ್ನೂ ಹೊಡೆದಳು. ಉತ್ತರ ಒಂದೇ: ‘ಬಾಗಿಲು ತೆರೆದೇ ಇದೆ. ನೀವು ಹೊಸ್ತಿಲಲ್ಲಿ ನಿಂತಿದ್ದೀರಿ.’ ಸರ್‌ಗೆ ಕೇಳಿದರೆ, “ಓದ್ರಿ, ಎಲ್ಲಾ ಅದರಾಗ ಬರದೇನಿ” ಎಂದು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಕ್ಲಾಸು ಶುರುವಾಯಿತು. ಅಲ್ಲಿ ಬಣ್ಣದ ಕಂಪ್ಯೂಟರ್, ತೆರೆಯ ಮೇಲೆ ಕಾರು ಓಡುತ್ತಿತ್ತು. ನಮ್ಮವರು ಒಬ್ಬೊಬ್ಬರೇ ಅತ್ತ ಸರಿದರು. ನಾನೂ ಎರಡು ಸಲ ಹೋಗಿ ಕಾರು ಓಡಿಸಿ ಬಂದೆ... ಚೆನ್ನಾಗಿಯೇ ಇತ್ತು. ಕೊನೆಗೆ ಸರ್ ಕೂಡ ಬಣ್ಣದ್ದಕ್ಕೆ ಹೇಳಿ ಬಂದರು. ಸೋಮವಾರ ಹೊಸದನ್ನು ಇಳಿಸಿ ಹಳೆಯದನ್ನು ಒಯ್ಯುತ್ತಾರೆ, ಆಟವಿದ್ದ ಹಳೆಯ ಫ್ಲಾಪಿ ಹೊಸದಕ್ಕೆ ಹೊಂದುವುದಿಲ್ಲ ಎಂದು ತಿಳಿಯಿತು.

“ಹಂಗಾರ ಆಟ, ಸರ್?” ಎಂದೆ.

“ಹೋತು. ಚಿತ್ರ ಬಂದ ಮ್ಯಾಲೆ ಕುಂತು ಓದಾಕ ಯಾರ ಬರ್ತಾರ ತಂಗಿ?” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಒಬ್ಬರರ ಒಳಗ ಹೋಗಿದ್ರ ಛಲೋ ಇತ್ತು” ಎಂದರು.

ಆ ಮಾತು ನನ್ನನ್ನು ಕೊರೆಯಿತು. ಭಾನುವಾರ ರಜೆ ಇದ್ದರೂ ನನಗಾಗಿ ಬೀಗ ತೆಗೆದುಕೊಟ್ಟು, ಅವರು ಹೊರಗೆ ಟೈಪ್ ಮಷಿನ್ನುಗಳಿಗೆ ಎಣ್ಣೆ ಬಿಡುತ್ತ ಕೂತರು. ಮಧ್ಯಾಹ್ನ ಮೂರು ದಾಟುವವರೆಗೆ ನನಗೆ ಗೊತ್ತಿದ್ದ ಕನ್ನಡವನ್ನೆಲ್ಲ ಹೊಡೆದೆ. ಆಗಲಿಲ್ಲ. ಸೋತು ಎದ್ದು ಹೊರಗೆ ಬಂದು ಚಪ್ಪಲಿಗೆ ಕಾಲು ತೂರಿಸಿದೆ. ಹಾಗೇ ನಿಂತೆ. ನಾನು ಇಲ್ಲಿ ಚಪ್ಪಲಿ ಬಿಟ್ಟಿದ್ದೆ. ಅಲ್ಲಿ ಬಿಟ್ಟಿರಲಿಲ್ಲ. ಬಸ್ ಇಳಿದಾಗಿನಿಂದ ಕಾಲಲ್ಲೇ ಇದ್ದವು! ದಿನಾಲೂ ಬರಿಗಾಲಲ್ಲಿ ಕೂತು ಆಡುತ್ತಿದ್ದ ನಮಗೆ ಆಟದೊಳಗಿನ ಕಾಲಿನ ನೆನಪೇ ಬಂದಿರಲಿಲ್ಲ. ಇಷ್ಟು ಜನ ಇಷ್ಟು ದಿನ ಚಪ್ಪಲಿ ಮೆಟ್ಟಿಕೊಂಡೇ ಗುಡಿಯ ಮುಂದೆ ಕಾಯಿ ಒಡೆದಿದ್ದೆವು.

ಒಳಗೋಡಿ ‘ಚಪ್ಪಲಿ ಬಿಡು’ ಎಂದು ಹೊಡೆದೆ. ಆಮೇಲೆ ‘ಒಳಗೆ ಹೋಗು.’

‘ನೀವು ಒಳಗೆ ಬಂದಿದ್ದೀರಿ. ಕತ್ತಲೆ. ಕಲ್ಲು ತಂಪಾಗಿದೆ. ಹೊರಗೆ ಕಸಬರಿಗೆಯ ಸದ್ದು. ಇಲ್ಲಿ ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ.’

ಅಷ್ಟೇ. ಬಂಗಾರವಿಲ್ಲ, ನಿಧಿಯಿಲ್ಲ. ಖರೆ ಹೇಳಬೇಕೆಂದರೆ ನನಗೆ ಸ್ವಲ್ಪ ಮೋಸವಾದಂತಾಯಿತು. ಸರ್ ಯಾವಾಗಲೋ ಬಂದು ಹಿಂದೆ ನಿಂತಿದ್ದರು. ಎಣ್ಣೆಯ ಕೈ ಅರಿವೆಗೆ ಒರೆಸಿಕೊಳ್ಳುತ್ತ, “ಒಳಗ ಹೆಂಗೈತಿ?” ಎಂದರು.

“ತಂಪೈತಿ, ಸರ್.”

ಅವರು ಕುರ್ಚಿ ಎಳೆದುಕೊಂಡು ಕೂತರು. “ನಮ್ಮ ಅಮ್ಮಾ ಗುಡಿ ಅಂಗಳದ ಕಸಾ ಹೊಡಿಯೂ ಕೆಲಸಕ್ಕ ಹೋಗ್ತಿದ್ದಳು. ಬ್ಯಾಸಗಿ ಬಂತಂದ್ರ ನನ್ನ ಒಳಗ ಮಲಗಿಸಿ, ತಾ ಹೊರಗ ಬಿಸಲಾಗ... ಅಂಥಾ ನಿದ್ದಿ ಮತ್ತ ಎಲ್ಲೂ ಹತ್ತಲಿಲ್ಲ ತಂಗಿ.” ಹೊರಡುವಾಗ ಆಟದ ಮೊದಲ ಪುಟ ಅಚ್ಚು ಹಾಕಿ ಕೈಗಿಟ್ಟರು. ನಾನೋ ಅದನ್ನು ಕಪಾಟಿಗೆ ಹಾಸಿದೆ. ಆಗಿನ ನನ್ನ ಬುದ್ಧಿ ಅಷ್ಟೇ ಇತ್ತು.

ಸೋಮವಾರ ಹಳೆಯದು ಹೋಯಿತು. ಬಣ್ಣದ್ದರ ಮೇಲೆ ಸರ್ ಅದೆಷ್ಟೋ ಜನರಿಗೆ ಕಲಿಸಿದರು, ನನ್ನ ಕಚೇರಿ ಕೆಲಸವೂ ಅವರ ಪುಣ್ಯವೇ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಕ್ಲಾಸಿದ್ದ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಆ ಗುಡಿಯೊಳಗೆ ಹೋಗಿ ಬಂದವಳು ನಾನೊಬ್ಬಳೇ.

ಕಾಗದ ಸಿಕ್ಕ ಮರುದಿನ ಐಹೊಳೆಯ ಬಸ್ಸು ಹತ್ತಿದೆ. ಇಳಿದ ಮೇಲೆ ಹೊಳೆಯಿತು: ಊರ ತುಂಬ ಗುಡಿ, ಯಾವುದೆಂದು ನಾನು ಸರ್‌ಗೆ ಕೇಳಿಯೇ ಇರಲಿಲ್ಲ. ಗುಡಿ ತೋರಿಸುವವರೊಬ್ಬರು ಬಂದು, “ಯಾವ ಗುಡಿ ನೋಡ್ಬೇಕ್ರಿ ಅಕ್ಕಾರ?” ಎಂದರು.

“ಯಾವುದರಾಗ ಛಲೋ ನಿದ್ದಿ ಹತ್ತತೈತ್ರಿ?”

ಅವರು ನಕ್ಕು, ಸ್ವಲ್ಪ ಯೋಚಿಸಿ, ಒಂದರ ಕಡೆ ಕೈ ಮಾಡಿದರು. ಒಳಗೆ ಹೋಗಿ ಕಲ್ಲಿಗೆ ಬೆನ್ನು ಕೊಟ್ಟು ಕೂತೆ. ಅದೇ ಹೌದೋ ಅಲ್ಲವೋ, ಹೇಳಬೇಕಾದವರು ಇಲ್ಲ. ಸರ್ ಇಲ್ಲವೆಂಬುದು ಅಷ್ಟು ವರ್ಷದ ಮೇಲೆ ಅಲ್ಲಿ ಎದೆಗೆ ಬಂದು ಬಡಿಯಿತು. ಸ್ವಲ್ಪ ಅತ್ತೆ. ಆಮೇಲೆ ಯಾವಾಗ ಕಣ್ಣು ಹತ್ತಿತೋ... ಎಚ್ಚರಾದಾಗ ಬಿಸಿಲು ಇಳಿದಿತ್ತು, ನನ್ನ ಬಸ್ಸು ಹೋಗಿತ್ತು. ಯಾರೂ ಎಬ್ಬಿಸಿರಲಿಲ್ಲ.