ಅಮ್ಮನ ಚೀಟಿಯಲ್ಲಿ ಇಲ್ಲದ್ದು

ಯಂಗ್ಸ್‌ಟೌನ್ ಎಂಬ ಊರಿನ ಕಡೆಯ ಮದುವೆಗಳಲ್ಲಿ ಕೇಕನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಕಣ್ಣೆಲ್ಲ ಬಿಸ್ಕತ್ತಿನ ಮೇಜಿನ ಮೇಲೆ. ಎರಡೂ ಕಡೆಯ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು ವಾರಗಟ್ಟಲೆ ಬೇಯಿಸಿ ತಂದು ಜೋಡಿಸುತ್ತಾರೆ. ಯಾರದ್ದು ಮೊದಲು ಖಾಲಿಯಾಯಿತು, ಯಾರದ್ದು ತಟ್ಟೆಯಲ್ಲೇ ಉಳಿಯಿತು ಎಂಬ ಮಾತು ವರ್ಷಗಟ್ಟಲೆ ನಡೆಯುತ್ತದೆ. ಕೆಲವು ಮದುವೆಗಳೇ ಅಷ್ಟು ದಿನ ಬಾಳುವುದಿಲ್ಲ.

ಆ ಶನಿವಾರ, ಮದುವೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ವರ್ನಾ ಹುಡಾಕ್ ಮೊದಲ ತಟ್ಟೆಯನ್ನು ಓವನ್‌ನಿಂದ ತೆಗೆದು, ಒಂದು ಬಿಸ್ಕತ್ತು ಆರಿಸಿ ಬಾಯಿಗೆ ಹಾಕಿಕೊಂಡಳು. ಮೆತ್ತಗೆ! ಕರುಂಕುರುಂ ಇಲ್ಲ, ಹಿಟ್ಟಿಗೆ ಕಲಸಿದ ಆಲೂಗೆಡ್ಡೆ ಚಿಪ್ಸಿನ ಉಪ್ಪು ಎಲ್ಲೋ ಕರಗಿಹೋಗಿದೆ. ಎರಡನೇ ತಟ್ಟೆಯೂ ಹಾಗೇ ಬಂತು.

ವರ್ನಾಗೆ ಎಪ್ಪತ್ಮೂರು. ಮೂವತ್ತು ವರ್ಷ ಶಾಲೆಯ ಊಟದ ಮನೆಯಲ್ಲಿ ದುಡಿದ ಕೈ. ಸಾಯುವ ಮುಂಚೆ ಅಮ್ಮ ಆಲೂಗೆಡ್ಡೆ ಚಿಪ್ಸಿನ ಬಿಸ್ಕತ್ತಿನ ವಿಧಾನವನ್ನು ಚೀಟಿಯಲ್ಲಿ ಬರೆದುಕೊಟ್ಟದ್ದು ಇವಳಿಗೆ, ತಂಗಿ ಇರ್ಮಾಗಲ್ಲ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನವೇ ಅದಕ್ಕಾಗಿ ಜಗಳವಾಯಿತು. ಎರಡು ಬೀದಿ ಆಚೆ ಇರುವ ತಂಗಿ ಅಂದಿನಿಂದ ಒಂಬತ್ತು ವರ್ಷ ಮಾತು ಬಿಟ್ಟಿದ್ದಳು. ಇವಳೋ ಚೀಟಿಯನ್ನು ಹಠಕ್ಕೆ ಬಚ್ಚಿಟ್ಟುಕೊಂಡಳೇ ಹೊರತು ಒಂದು ಸಲವೂ ಮಾಡಿ ನೋಡಲಿಲ್ಲ.

ಈಗ ಇರ್ಮಾಳ ಮೊಮ್ಮಗಳ ಮದುವೆ. "ದೊಡ್ಡಜ್ಜಿ, ಮುತ್ತಜ್ಜಿಯ ಬಿಸ್ಕತ್ತು ಮೇಜಿನ ಮೇಲೆ ಇರ್ಲೇಬೇಕು, ನೀವೇ ಮಾಡ್ಬೇಕು" ಎಂದು ಹುಡುಗಿ ತಾನೇ ಬಂದು ಕೇಳಿದ್ದಳು. ಮೇಜು ಜೋಡಿಸುವವಳು ಇರ್ಮಾ. ತಟ್ಟೆ ಹಿಡಿದು ಎದುರಿಗೆ ನಿಂತರೆ ಮಾತಾಡದೆ ಎಲ್ಲಿಗೆ ಹೋಗುತ್ತಾಳೆ? ವರ್ನಾ ಒಪ್ಪಿಕೊಂಡದ್ದು ಆ ಒಂದು ಆಸೆಗೆ. ಈಗ ಈ ಮೆತ್ತನೆಯದನ್ನು ಹಿಡಿದು ಹೋದರೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಮೇಜು ನಾಲ್ಕು ಗಂಟೆಗೆ ಸಿದ್ಧವಾಗಬೇಕು.

ಚೀಟಿಯನ್ನು ಮೂರು ಸಲ ಓದಿದಳು. ಬೆಣ್ಣೆ, ಸಕ್ಕರೆ, ಮೈದಾ, ಪುಡಿ ಮಾಡಿದ ಚಿಪ್ಸ್ ಒಂದು ಬಟ್ಟಲು. ಯಾವುದೂ ತಪ್ಪಿರಲಿಲ್ಲ. ಫೋನ್ ಎತ್ತಿಕೊಂಡು ಇರ್ಮಾಗೆ ಮಾಡಿದಳು.

"ಯಾರು?"

"ನಾನು ಕಣೇ, ವರ್ನಾ."

ತಂಗಿ ಫೋನ್ ಇಟ್ಟುಬಿಡುವ ಮೊದಲೇ ವರ್ನಾ ಅವಸರವಾಗಿ ಹೇಳಿದಳು:

"ಬಿಸ್ಕತ್ತು ಮೆತ್ತಗಾಗಿದೆ. ಚೀಟೀಲಿ ಇರೋ ಹಾಗೇ ಮಾಡ್ದೆ."

"ಓಹೋ! ಚೀಟಿ ನಿನ್ ಹತ್ರಾನೇ ಇದೆಯಲ್ಲ, ಅದನ್ನೇ ಕೇಳು."

ಫೋನ್ ಕುಕ್ಕಿಬಿಡಬೇಕೆನ್ನಿಸಿತು. ವರ್ನಾ ಹಲ್ಲು ಕಚ್ಚಿದಳು. "ಬೈಯೋದಿದ್ರೆ ನಾಳೆ ಬೈಯಿ. ಇವತ್ತು ಮಗು ಮದುವೆ."

ಇರ್ಮಾ ಕೇಳಿದಳು: "ಚಿಪ್ಸ್ ಯಾವಾಗ ಹಾಕ್ದೆ?"

"ನಿನ್ನೆ. ಎಲ್ಲಾ ಕಲಸಿ ಫ್ರಿಜ್ಜಲ್ಲಿಟ್ಟೆ."

"ಅಯ್ಯೋ ನಿನ್ ತಲೆ! ಹಿಟ್ಟಲ್ಲಿ ಅಷ್ಟು ಹೊತ್ತು ನೆನೆದ್ರೆ ಇನ್ನೇನ್ ಉಳಿಯತ್ತೆ? ಓವನ್ ಕಾದ್ಮೇಲೇ ಅಮ್ಮ ನನ್ನ ಕೂಗ್ತಿದ್ಲು. ಹಿತ್ತಲ ಮೆಟ್ಲಲ್ಲಿ ಕೂತು, ಪೊಟ್ಟಣ ಮಂಡಿ ಮಧ್ಯೆ ಇಟ್ಕೊಂಡು ಪುಡಿ ಮಾಡ್ತಿದ್ದೋಳು ನಾನು. ನಾನಿನ್ನೂ ಚಿಕ್ಕೋಳು, ನೀನು ಸ್ಕೂಲಲ್ಲಿರ್ತಿದ್ದೆ."

ವರ್ನಾ ಚೀಟಿಯನ್ನೇ ನೋಡುತ್ತ ನಿಂತಳು. ಚಿಪ್ಸ್ ಯಾವಾಗ ಹಾಕಬೇಕೆಂದು ಅದರಲ್ಲಿ ಇರಲೇ ಇಲ್ಲ.

"ಇರ್ಮಾ, ನಿನಗೆ ಈ ಚೀಟಿ ಬೇಕೇ ಇರ್ಲಿಲ್ಲ. ಏನೂ ಗೊತ್ತಿಲ್ದೋಳು ನಾನು. ಅದಕ್ಕೇ ಕಣೇ ಅಮ್ಮ ನನಗೆ ಬರ್ಕೊಟ್ಲು."

ಫೋನ್ ಕಟ್ಟಾಯಿತು.

ಮುಗಿಯಿತು ಎಂದುಕೊಂಡಳು. ಆದರೂ ಹೊಸದಾಗಿ ಬೆಣ್ಣೆ ಸಕ್ಕರೆ ನೊರೆಯೇಳುವಂತೆ ಉಜ್ಜಿ, ಮೈದಾ ಸುರಿದು, ಓವನ್ ಹಚ್ಚಿದಳು. ಕಣ್ಣು ಮಂಜಾಗಿ ಅಳತೆಯ ಗೆರೆ ಕಾಣುತ್ತಿರಲಿಲ್ಲ.

ಹಿತ್ತಲ ಬಾಗಿಲ ಸದ್ದಾಯಿತು. ತಲೆತುಂಬ ಕೂದಲು ಸುತ್ತಿದ ರೋಲರುಗಳು, ಮದುವೆಯ ನೀಲಿ ಉಡುಪಿನ ಮೇಲೆ ಏಪ್ರನ್, ಬಗಲಲ್ಲಿ ಚಿಪ್ಸಿನ ದೊಡ್ಡ ಪೊಟ್ಟಣ. ಇರ್ಮಾ ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಪೊಟ್ಟಣವನ್ನು ಮಂಡಿಗಳ ನಡುವೆ ಇಟ್ಟುಕೊಂಡಳು.

"ಓವನ್ ಕಾದಿದ್ಯಾ ಅಕ್ಕಾ? ಕಾಯೋವರ್ಗೂ ನಾನು ಕೈ ಹಚ್ಚಲ್ಲ."