ಹಾರ್ನ್ ಇಲ್ಲದ ಕುರ್ಚಿ ಬಸ್ಸು

ನನ್ನ ತಮ್ಮ ರಾತ್ರಿ ಬಸ್ಸಿನ ಡ್ರೈವರ್. ಬೀದಿ ದೀಪ ಹತ್ತುವ ಹೊತ್ತಿಗೆ ಖಾಕಿ ಅಂಗಿ ತೊಟ್ಟು ಹೊರಡುತ್ತಾನೆ. ಊರಿಗೆ ಊರೇ ಕೆಲಸಕ್ಕೆ ಹೊರಟಾಗ ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬರುತ್ತಾನೆ. ನಾಲ್ಕು ತುತ್ತು ತಿಂದು ಒಳಕೋಣೆಯ ಬಾಗಿಲು ಹಾಕಿಕೊಂಡನೆಂದರೆ ಸಂಜೆಯವರೆಗೆ ನಮ್ಮ ಮನೆಯಲ್ಲಿ ಸೂಜಿ ಬೀಳುವ ಹಾಗಿಲ್ಲ. ಬಿದ್ದರೆ ನಾನು ಸೂಜಿಗೂ ಬೈಯುತ್ತೇನೆ.

ಬೈಯದೆ ಏನು ಮಾಡಲಿ? ಬಸ್ಸು ತುಂಬ ಜನ ಇವನ ಕಣ್ಣನ್ನು ನಂಬಿ ನಿದ್ದೆ ಮಾಡುತ್ತಾರೆ. ಅವರ ನಿದ್ದೆಗೆ ಇವನ ನಿದ್ದೆಯೇ ಕಾವಲು.

ಅವನ ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲು ಪಾಳಿ. ಹೀಗಾಗಿ ಅವರ ಮಗಳು ಹಗಲೆಲ್ಲ ನನ್ನ ಪಾಲು. ತೊಟ್ಟಿಲಲ್ಲಿದ್ದಾಗ ಬಿಡುವಿಲ್ಲದೆ ಉಲಿಯುತ್ತಿದ್ದಳೆಂದು ಅವಳನ್ನು ಗಿಣಿ ಎಂದು ಕರೆದೆವು. ನಡೆಯಲು ಕಲಿತ ಮೇಲೆ ಆ ಗಿಣಿಯ ಬಾಯಿಗೆ ಬೀಗ ಹಾಕಿದವಳು ನಾನೇ. ಆದರೆ ಬರಿಗೈಲಿ ಹಾಕಲಿಲ್ಲ. ಸದ್ದಿಲ್ಲದ ಆಟ ಎಷ್ಟಿವೆಯೋ ಅಷ್ಟನ್ನೂ ಹುಡುಕಿ ಕೊಟ್ಟೆ.

ಡಬ್ಬದ ಗುಂಡಿಗಳನ್ನು ಟವೆಲ್ ಮೇಲೆ ಹರಡಿ ಬಣ್ಣ ಬಣ್ಣವಾಗಿ ಸಾಲು ಮಾಡುತ್ತಿದ್ದೆವು. ಒದ್ದೆ ಬೆರಳಿನಿಂದ ನೆಲದ ಮೇಲೆ ಆಳಿಗೊಂದು ಆನೆ ಬರೆಯುತ್ತಿದ್ದೆವು, ಯಾರದು ಮೊದಲು ಆರುತ್ತದೋ ಅವರು ಸೋತಂತೆ. ಹರಿದ ಕಾಲುಚೀಲಗಳಿಗೆ ಕಣ್ಣು ಹೊಲಿದು ಅವುಗಳ ಕೈಯಲ್ಲಿ ಜಗಳ ಆಡಿಸುತ್ತಿದ್ದೆವು, ಬರೀ ತುಟಿಯಲ್ಲಿ. ನಗು ತಡೆಯಲಾಗದಿದ್ದರೆ ದಿಂಬಿಗೆ ಮುಖ ಹುದುಗಿಸಿ ನಗಬೇಕು ಎಂಬುದು ಕಾನೂನು. ಗಿಣಿಗೆ ಈ ಆಟಗಳೆಂದರೆ ಪ್ರಾಣ. ಮಗು ಸೊರಗಿತ್ತು ಎಂದು ಯಾರೂ ಅನ್ನುವ ಹಾಗಿಲ್ಲ.

ಸೊರಗಿದವನು ನನ್ನ ತಮ್ಮ. ಅದು ಗೊತ್ತಾದದ್ದು ಬಸ್ಸು ಎಂಜಿನ್ ಕೆಲಸಕ್ಕೆಂದು ಗ್ಯಾರೇಜು ಸೇರಿದಾಗ. ಅವನಿಗೆ ರಜೆ ಸಿಕ್ಕಿತು, ರಾತ್ರಿ ಎಲ್ಲರಂತೆ ಮಲಗಿದ, ಹಗಲು ಎಲ್ಲರಂತೆ ಎದ್ದ. ಎದ್ದವನೇ ನಡುಮನೆಗೆ ಬಂದು, “ಗಿಣೀ, ಬಾರೇ, ಆಟ ಆಡೋಣ!” ಎಂದು ಕೂಗಿದ. ಮಗು ಬೆಚ್ಚಿ ತುಟಿಯ ಮೇಲೆ ಬೆರಳಿಟ್ಟಿತು.

ಆಡಿದಳು. ಅವನನ್ನು ಎಲ್ಲದರಲ್ಲೂ ಸೋಲಿಸಿದಳು, ಆದರೆ ಒಂದು ಮಾತೂ ಪಿಸುದನಿಗಿಂತ ಮೇಲೇರಲಿಲ್ಲ. ಅವನು ತಲೆಯ ಮೇಲೆ ಪಾತ್ರೆ ಬೋರಲು ಹಾಕಿಕೊಂಡು ಕಪ್ಪೆಯ ಹಾಗೆ ಕುಪ್ಪಳಿಸಿದ, ಮೀಸೆ ಬಂದ ಗಂಡಸು! ನನಗೇ ಹೊಟ್ಟೆ ಹುಣ್ಣಾಗುವಷ್ಟು ನಗು. ಅವಳೋ ದಿಂಬಿಗೆ ಓಡಿದಳು. ಅವಳ ಬೆನ್ನು ಕುಲುಕುವುದಷ್ಟೇ ಅವನಿಗೆ ಕಂಡದ್ದು.

ಆಮೇಲೆ ಅಡುಗೆಮನೆಗೆ ಬಂದು ನನ್ನ ಪಕ್ಕ ಕುಕ್ಕರಿಸಿದ.

“ಅಕ್ಕ, ಬಸ್ಸಲ್ಲಿ ಯಾರ ಮಗು ನಕ್ಕರೂ ಕನ್ನಡಿಯಲ್ಲಿ ಹಿಂದೆ ನೋಡ್ತೀನಿ. ನನ್ನ ಮಗಳು ಹೇಗೆ ನಗ್ತಾಳೆ ಅಂತ ಯಾರಾದ್ರೂ ಕೇಳಿದ್ರೆ ನಂಗೆ ಗೊತ್ತಿಲ್ಲ. ಬಸ್ಸು ರೆಡಿ ಆಗೋದ್ರೊಳಗೆ ಒಂದೇ ಒಂದು ಸಲ ಕೇಳ್ಬೇಕು.”

“ಈರುಳ್ಳಿ ಹೆಚ್ತಿದೀನಿ, ಆ ಕಡೆ ಹೋಗೋ,” ಅಂದೆ. ಕಣ್ಣಲ್ಲಿ ನೀರು ಬರಲು ಈರುಳ್ಳಿಯಾದರೂ ಒಂದು ನೆಪವಾಯಿತು.

ಮಧ್ಯಾಹ್ನ ಗಿಣಿ ಕುರ್ಚಿಗಳನ್ನು ಸಾಲಾಗಿಟ್ಟು ಬಸ್ಸು ಕಟ್ಟಿದಳು. ಕಾಲುಗಳು ಕೀರ್ ಎನ್ನದಿರಲೆಂದು ಒಂದೊಂದಕ್ಕೂ ಚಿಂದಿ ಸುತ್ತಿತ್ತು. ಕಾಲುಚೀಲಗಳೆಲ್ಲ ಪ್ರಯಾಣಿಕರು, ನಾನು ಕೊನೆಯ ಸೀಟಿನ ಅಜ್ಜಿ. ಅಪ್ಪನ ಕೈಗೆ ಪಾತ್ರೆಯ ಮುಚ್ಚಳ ಕೊಟ್ಟು ಮುಂದೆ ಕೂರಿಸಿದಳು. ಅವನ ಮುಖ ಅರಳಿತು. ಇದು ಅವನ ವಿದ್ಯೆಯಲ್ಲವೇ? ಮುಚ್ಚಳ ತಿರುಗಿಸಿ, ಕೆನ್ನೆ ಉಬ್ಬಿಸಿ, ಮನೆ ನಡುಗುವಂತೆ “ಪೋಂ!” ಎಂದ.

ಗಿಣಿ ಹಾರಿ ಬಂದು ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದಳು. “ಶ್! ಅಪ್ಪ ಮಲಗಿದಾನೆ! ಅಪ್ಪಂಗೆ ನಿದ್ದೆ ಆಗ್ಲಿಲ್ಲ ಅಂದ್ರೆ ಬಸ್ಸು ಬಿದ್ದೋಗತ್ತೆ.”

ನನ್ನ ಮಾತೇ, ಅಕ್ಷರ ಬಿಡದೆ.

“ಹಾಗಾದ್ರೆ ನಾನ್ಯಾರು?” ಎಂದ ತಮ್ಮ, ಅವಳ ಕೈ ಸರಿಸಿ.

“ನೀನು ಡ್ರೈವರು.”

ಅವನು ಎದ್ದುಹೋಗಿ ಒಳಕೋಣೆಯ ಬಾಗಿಲು ತೆರೆದ. ಹಾಸಿಗೆಯ ಮೇಲೆ, ತಾನು ನಗಲು ಓಡುವ ಅದೇ ದಿಂಬನ್ನು ಗಿಣಿ ಉದ್ದಕ್ಕೆ ಮಲಗಿಸಿದ್ದಳು. ಕುತ್ತಿಗೆಯವರೆಗೆ ಅವನ ಹೊದಿಕೆ, ಪಕ್ಕದಲ್ಲಿ ಅವನ ಕೈಗಡಿಯಾರ. ಅಪ್ಪ ಇಲ್ಲದ ಮನೆ ಅವಳಿಗೆ ಗೊತ್ತಿತ್ತು, ಮಲಗಿದ ಅಪ್ಪನೂ ಗೊತ್ತಿದ್ದ. ಎದ್ದು ಕೂತು ಆಡುವ ಅಪ್ಪನನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ತಮ್ಮ ದಿಂಬಿನ ಪಕ್ಕ ಕೂತುಬಿಟ್ಟ.

ದರಿದ್ರ ಗ್ಯಾರೇಜಿನವರು ಫೋನ್ ಮಾಡಿದ್ದೂ ಆಗಲೇ. ಬಸ್ಸು ರೆಡಿ, ಇವತ್ತೇ ಡ್ಯೂಟಿ. ಬೇರೆ ದಿನವಾದರೆ ರಿಪೇರಿ ಮುಗಿಸಲು ಅವರಿಗೆ ಕೈ ಓಡುವುದಿಲ್ಲ.

ಅಂಗಿಯ ಗುಂಡಿ ಹಾಕುತ್ತ ತಮ್ಮ ಮಗಳ ಮುಂದೆ ಮೊಣಕಾಲೂರಿದ. “ನಾಳೆಯಿಂದ ನಿಂಗೂ ಡ್ಯೂಟಿ. ಸಂಜೆ ಅಲಾರಾಂ ಬೇಡ. ಬಸ್ಸನ್ನ ನನ್ನ ಬಾಗಿಲಿಗೆ ತಂದು ಹಾರ್ನ್ ಹೊಡೀಬೇಕು. ಹೊಡೀದೆ ಇದ್ರೆ ನಾನು ಏಳೋದೇ ಇಲ್ಲ.”

ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಮರುದಿನ ಹಗಲೆಲ್ಲ ಎಂದಿನ ಮೌನ. ಸಂಜೆಯಾಗುತ್ತಲೇ ಗಿಣಿ ಒಂದು ಕುರ್ಚಿಯನ್ನು ಬಾಗಿಲವರೆಗೆ ಎಳೆದು, ಮುಚ್ಚಳ ಹಿಡಿದು ಕೂತಳು. ನಾನು ಬಾಗಿಲನ್ನು ಕೊಂಚ ಸರಿಸಿದೆ. “ಪೋಂ,” ಎಂದಳು, ಇರುವೆಗೂ ಕೇಳಿಸದ ಹಾಗೆ. ಸಂದಿಯಲ್ಲಿ ನೋಡಿದರೆ ನನ್ನ ತಮ್ಮನ ಕಣ್ಣು ಆಗಲೇ ತೆರೆದಿತ್ತು. ಯಾವಾಗ ಎಚ್ಚರವಾಗಿತ್ತೋ, ಎಷ್ಟು ಹೊತ್ತಿನಿಂದ ಕಾದಿದ್ದನೋ! ನನ್ನನ್ನು ಕಂಡು ಪಟಕ್ಕನೆ ಕಣ್ಣು ಮುಚ್ಚಿ ಗೊರಕೆ ಹೊಡೆದ, ಕಳ್ಳ.

“ಏಳ್ಲಿಲ್ಲ ಅತ್ತೆ,” ಎಂದು ಗಿಣಿ ಪಿಸುಗುಟ್ಟಿದಳು.

“ಜೋರಾಗಿ ಹೊಡಿಯೇ!” ನಾನು ಕೂಗಿಯೇ ಹೇಳಿದೆ.

ಅವಳು ಉಸಿರೆಳೆದು “ಪೋಂ!” ಎಂದಳು. ಆ ದನಿ ಅರ್ಧದಲ್ಲೇ ಒಡೆದು ಕೀರಲಾಯಿತು. ತನ್ನ ದನಿಗೆ ತಾನೇ ಬೆರಗಾಗಿ ನಕ್ಕಳು. ದಿಂಬು ಅಪ್ಪನ ತಲೆಯಡಿ ಸಿಕ್ಕಿಕೊಂಡಿತ್ತು. ಓಡಲು ಜಾಗವಿಲ್ಲದೆ ಆ ನಗು ಮನೆಯೆಲ್ಲ ತುಂಬಿತು.

ಅವನು ಏಳಲಿಲ್ಲ.

“ಬಸ್ಸಿಗೆ ಹೊತ್ತಾಯ್ತು, ಏಳೋ,” ಅಂದೆ.

ಕಣ್ಣು ಮುಚ್ಚಿಕೊಂಡೇ, “ಇನ್ನೊಂದು ಸಲ ಅಕ್ಕ,” ಅಂದ.