ಪಕೀರಮ್ಮನ ಬೀಸುಕಲ್ಲು

ನಿಜಾಮರ ಕಾಲದಲ್ಲಿ ಮಸ್ಕಿಯ ಜನಕ್ಕೆ ಎರಡು ಸಂಗತಿ ತಿಳಿಯದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಹೈದರಾಬಾದಿನಿಂದ ಯಾವ ಹೊಸ ಹುಕುಂ ಬಂತು ಎಂಬುದು ಒಂದು, ಪಕೀರಮ್ಮನ ಒಳಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಇನ್ನೊಂದು. ಹುಕುಮನ್ನು ಡಂಗುರದವನು ಊರ ತುಂಬ ಸಾರಿ ಹೋಗುತ್ತಿದ್ದ. ಪಕೀರಮ್ಮನ ಬಾಯಿಂದ ಮಾತ್ರ ಒಂದಕ್ಷರ ಹೊರಡುತ್ತಿರಲಿಲ್ಲ.

ಕಿತ್ತಾಡಿಕೊಂಡ ಗಂಡ ಹೆಂಡಿರು ಮೋರೆ ಗಂಟಿಕ್ಕಿಕೊಂಡು ಅವಳ ಮನೆ ಹೊಕ್ಕು, ಹಿಟ್ಟಿನ ಬುಟ್ಟಿ ಹೊತ್ತುಕೊಂಡು ಹೊರಗೆ ಬರುತ್ತಿದ್ದರು. ಬಹುಪಾಲು ಜೋಡಿಗಳು ಮುಂದೆ ಕೂಡಿಯೇ ಬಾಳುತ್ತಿದ್ದವು. ಹಿಟ್ಟಿನಲ್ಲಿ ಏನೋ ಮದ್ದು ಬೆರೆಸುತ್ತಾಳೆ ಎಂದು ಬಾವಿಕಟ್ಟೆಯ ಹೆಂಗಸರು ತೀರ್ಮಾನಿಸಿದ್ದರು. ಠಾಣೆಯ ಅಮೀನಸಾಹೇಬರು ಕೂಡ ಒಮ್ಮೆ ಸವಾರನನ್ನು ಕಳಿಸಿ ವಿಚಾರಿಸಿದರು. ಪಕೀರಮ್ಮ ಆ ಸವಾರನಿಗೆ ಒಂದು ತಂಬಿಗೆ ಮಜ್ಜಿಗೆ ಕುಡಿಸಿ ಸುಮ್ಮನೆ ಕಳಿಸಿಬಿಟ್ಟಳು. ಅಮೀನರ ಮನೆಯಲ್ಲಿ ಏನು ತಾಪತ್ರಯವಿತ್ತೋ, ನಮಗೇಕೆ ಬೇಕು.

ಅವಳ ಪದ್ಧತಿಯೇನೂ ದೊಡ್ಡದಲ್ಲ. ಮೊದಲು ಇಬ್ಬರನ್ನೂ ಬೇರೆ ಬೇರೆ ಕೂಡಿಸಿ ದೂರು ಕೇಳುವಳು. ಹೂಂ ಅನ್ನುವಳೇ ಹೊರತು ನಿನ್ನದು ಸರಿ, ಅವನದು ತಪ್ಪು ಅನ್ನುವವಳಲ್ಲ. ಆಮೇಲೆ ಅವರನ್ನು ಬೀಸುಕಲ್ಲಿಗೆ ಎದುರುಬದುರು ಕೂಡಿಸಿ, ಒಂದೇ ಗೂಟಕ್ಕೆ ಇಬ್ಬರ ಕೈ ಹಚ್ಚಿಸಿ, ಅವರೇ ತಂದ ಜೋಳವನ್ನು ಪಕ್ಕಕ್ಕಿಟ್ಟು, ಬಾಗಿಲು ಎಳೆದುಕೊಂಡು ಅಂಗಳಕ್ಕೆ ಬಂದು ಕೂಡುವಳು. ಬೀಸುವುದು ಹೆಂಗಸರ ಕೆಲಸವೆಂದು ಗಂಡಸರು ಮುಖ ಸಿಂಡರಿಸುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ನೋಡುವವರು ಯಾರು? ಕಲ್ಲಿನ ಸಪ್ಪಳದಲ್ಲಿ ಆಡಿದ ಮಾತು ಎದುರಿಗೆ ಕೂತವರಿಗೆ ಮಾತ್ರ ಕೇಳಿಸುತ್ತಿತ್ತು. ಅಂಗಳದ ಪಕೀರಮ್ಮನಿಗೆ ಕೇಳಿಸುತ್ತಿದ್ದುದು ಬರೀ ಕಲ್ಲು. ಒಬ್ಬರೇ ಎಳೆದರೆ ಕಲ್ಲು ಕುಂಟುತ್ತದೆ, ಇಬ್ಬರೂ ಕೈಕೊಟ್ಟರೆ ಸಪ್ಪಳ ದುಂಡಗಾಗುತ್ತದೆ. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು.

ಇದನ್ನು ಯಾರೂ ಕಲಿಸಿದ್ದಲ್ಲ. ಅವಳು ಮದುವೆಯಾಗಿ ಬಂದಾಗ ಮನೆಯಲ್ಲಿ ಹದಿನಾಲ್ಕು ಮಂದಿ. ಗಂಡನೊಡನೆ ಒಂದು ಮಾತಾಡಿದರೆ ಇಪ್ಪತ್ತೆಂಟು ಕಿವಿ ನೆಟ್ಟಗಾಗುತ್ತಿದ್ದವು. ಯಾವುದೋ ಸಣ್ಣ ಮುನಿಸು ಆಡಿ ಮುಗಿಸಲಾಗದೆ ಹಾಗೇ ಉಳಿಯಿತು. ಪ್ಲೇಗು ಬಂದ ವರ್ಷ ಗಂಡ ಮಾತಾಡದೆಯೇ ಹೋಗಿಬಿಟ್ಟ. ಆ ಸಂಕಟ ಅವಳನ್ನು ಬಿಟ್ಟೇ ಇರಲಿಲ್ಲ.

ಒಂದು ಚಳಿಗಾಲ ಮುಕ್ಕುಂದದ ದುರುಗಪ್ಪ ಮತ್ತು ಅವನ ಹೆಂಡತಿ ಅಯ್ಯಮ್ಮ ಬಂಡಿ ಕಟ್ಟಿಕೊಂಡು ಬಂದರು. ಅವರ ಎಂಟು ತಿಂಗಳ ಕೂಸು ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಅವನು ಹೊಲದಲ್ಲೇ ಮಲಗುತ್ತಿದ್ದ, ಅವಳು ಮಾತು ಬಿಟ್ಟಿದ್ದಳು. ಬರುವ ಸೋಮವಾರ ಹಿರಿಯರು ಕೂತು, ಸೋಡಚೀಟಿ ಬರೆಸಿ ಇಬ್ಬರನ್ನೂ ಬೇರೆ ಮಾಡುವುದೆಂದು ನಿಶ್ಚಯವಾಗಿತ್ತು. ಇದಕ್ಕೆ ಮುಂದಾದವಳು ದುರುಗಪ್ಪನ ಅಕ್ಕ ಮುದುಕಮ್ಮ. ತಾನೂ ಗಂಡನನ್ನು ಬಿಟ್ಟು ಹನ್ನೊಂದು ವರ್ಷದಿಂದ ತಮ್ಮನ ಮನೆಯಲ್ಲಿದ್ದವಳು. ಮಸ್ಕಿಗೆ ಹೋಗಿ ಆಗುವುದೇನೂ ಇಲ್ಲವೆಂದು ದಾರಿಯುದ್ದಕ್ಕೂ ವಟಗುಟ್ಟುತ್ತ ಅದೇ ಬಂಡಿಯಲ್ಲಿ ಬಂದಿದ್ದಳು.

ಅಯ್ಯಮ್ಮ ಹೇಳಿದ್ದು ಇಷ್ಟೇ: ಕೂಸಿನ ಹೆಸರು ಅವನ ಬಾಯಲ್ಲಿ ಬರುವುದಿಲ್ಲ, ತಪ್ಪು ನನ್ನದೆಂದೇ ತಿಳಿದಿದ್ದಾನೆ. ದುರುಗಪ್ಪ ಹೇಳಿದ್ದೂ ಅದನ್ನೇ: ಅವಳು ಹೆಸರೆತ್ತುವುದಿಲ್ಲ, ವೈದ್ಯನನ್ನು ತಡಮಾಡಿ ಕರೆತಂದೆನೆಂಬ ಸಿಟ್ಟು ಅವಳಿಗಿದೆ. ಅವನ ಮಾತು ಇವಳಿಗೆ, ಇವಳ ಮಾತು ಅವನಿಗೆ ಹೇಳಿಬಿಡೋಣವೆಂದು ಪಕೀರಮ್ಮನ ನಾಲಗೆ ತುದಿಗೆ ಬಂದಿತ್ತು. ತನ್ನ ಬಾಯಿಂದ ಬಂದರೆ ಅದು ಬರೀ ಸುದ್ದಿಯಾಗುತ್ತದೆಂದು ನುಂಗಿಕೊಂಡು, ಇಬ್ಬರನ್ನೂ ಕಲ್ಲಿಗೆ ಕೂಡಿಸಿದಳು.

ಕಲ್ಲು ನಾಲ್ಕು ಸುತ್ತು ಕುಂಟಿ ನಿಂತೇಹೋಯಿತು. ಪಕೀರಮ್ಮ ಎದ್ದು ಮನೆಯ ಹಿಂದೆ ಹೋಗಿ ನೋಡಿದರೆ, ಓಣಿಯ ಆರೇಳು ಹೆಂಗಸರು ಗೋಡೆಗೆ ಕಿವಿ ಹಚ್ಚಿದ್ದಾರೆ. ಮುದುಕಮ್ಮ ಕಟ್ಟಿಗೆಯ ಹೊರೆಯ ಮೇಲೆ ಹತ್ತಿ ಬೆಳಕಿಂಡಿಗೆ ತಲೆ ತೂರಿಸಿದ್ದಾಳೆ. ಒಳಗೆ ಕೂತವರಿಗೆ ಆ ತಲೆ ಕಾಣದಿರಲು ಅದೇನು ಸೊಳ್ಳೆಯೇ?

ಪಕೀರಮ್ಮನಿಗೆ ರೇಗಿಹೋಯಿತು. ಆದರೆ ಬಯ್ಯಲಿಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆತಂದು, ಮನೆಯ ಒನಕೆಗಳ ಜೊತೆ ನೆರೆಮನೆಯವೂ ಬಂದು ಸೇರಿದ ಮೇಲೆ, ಒರಳುಗಳಿಗೆ ನವಣೆ ಸುರಿದಳು.

"ಕೇಳಾಕ ಬಂದೋರು ಬರಿಗೈಲೆ ನಿಂತ್ರ ಹ್ಯಾಂಗ? ಕುಟ್ರಿ. ಕೈ ನಿಲ್ಲಿಸಿದಾಕಿ ಮನೀಗೆ ನಡೀಬೇಕು" ಅಂದಳು.

ಮನೆಗೆ ಹೋಗುವ ಮನಸ್ಸು ಯಾರಿಗಿತ್ತು? ಕುಟ್ಟಿದರು. ಮುದುಕಮ್ಮನೂ ಸೀರೆ ಬಿಗಿದು ಕುಟ್ಟಿದಳು. ಆ ಧಡಬಡ ಸದ್ದಿನಲ್ಲಿ ಒಳಗಿನ ಮಾತು ಯಾರಿಗೂ ಕೇಳುವಂತಿರಲಿಲ್ಲ. ಪಕೀರಮ್ಮನಿಗೆ ಹೊಳೆದದ್ದು ಆಗಲೇ: ತನಗೂ ಕಲ್ಲಿನ ಸಪ್ಪಳ ಕೇಳಿಸುತ್ತಿಲ್ಲ. ಕುಂಟುತ್ತಿದೆಯೋ, ನಿಂತಿದೆಯೋ, ಏನೂ ತಿಳಿಯದು. ಇಷ್ಟು ವರ್ಷ ಅವಳು ನಂಬಿದ್ದು ಕಿವಿಯನ್ನೇ. ಗಂಡನ ಕೊನೆಯ ದಿನಗಳು ನೆನಪಾದವು. ಬಾಗಿಲ ಕಡೆ ಎರಡು ಸಲ ಎದ್ದು ಹೋಗಿ, ಮುಟ್ಟದೆ ತಿರುಗಿ ಬಂದು ಕೂತಳು.

ಬಿಸಿಲು ಅಂಗಳದ ಅರ್ಧಕ್ಕೆ ಬಂದಾಗ ಬಾಗಿಲು ತೆರೆಯಿತು. ದುರುಗಪ್ಪನ ತಲೆಯ ಮೇಲೆ ಬುಟ್ಟಿ, ಮೀಸೆಯ ತುಂಬ ಹಿಟ್ಟು. ಹಿಂದೆ ಅಯ್ಯಮ್ಮ. ಇಬ್ಬರ ಕಣ್ಣೂ ಕೆಂಪಗಿದ್ದವು. ಒನಕೆಗಳು ತಾವಾಗಿ ನಿಂತವು. ಪಕೀರಮ್ಮ ಬುಟ್ಟಿಯಿಂದ ಒಂದು ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ತಿಕ್ಕಿ ನೋಡಿದಳು. ಎಲ್ಲೂ ತರಿಯಿಲ್ಲ, ನುಣ್ಣಗಿತ್ತು.

ದುರುಗಪ್ಪ ಅಕ್ಕನ ಕಡೆ ತಿರುಗಿದ. "ಯಕ್ಕಾ, ಸೋಮವಾರ ಹಿರೇರನ್ನ ಕರೀಬ್ಯಾಡ. ನಮ್ಮ ಲಾಲಪ್ಪನ ಹೆಸರು ಇವತ್ತ ಇಬ್ರೂ ಕೂಡಿ ತಗೊಂಡ್ವಿ."

ಗಂಡಸೊಬ್ಬ ಹಿಟ್ಟಿನ ಬುಟ್ಟಿ ಹೊತ್ತು ಬಂಡಿ ಬಿಟ್ಟಲ್ಲಿಗೆ ನಡುಬಜಾರಿನಲ್ಲಿ ಹೋದದ್ದನ್ನು ಮಸ್ಕಿಯ ಜನ ಬಹಳ ದಿನ ಆಡಿಕೊಂಡರು. ಓಣಿಯ ಹೆಂಗಸರು ಅವನ ಹಿಂದೆಯೇ ಓಡಿದರು. ಅಂಗಳದಲ್ಲಿ ಉಳಿದವಳು ಮುದುಕಮ್ಮ ಒಬ್ಬಳೇ. ಅವಳು ಮತ್ತೆ ಕುಟ್ಟತೊಡಗಿದ್ದಳು. ಒರಳಿನ ನವಣೆ ನುಚ್ಚಾಗಿ, ನುಚ್ಚು ಹಿಟ್ಟಾಗಿ ಹೋಗಿತ್ತು. ಪಕೀರಮ್ಮ ಹೋಗಿ ಒನಕೆ ಹಿಡಿದು ನಿಲ್ಲಿಸಿದಳು.

ಮುದುಕಮ್ಮ ತಲೆ ಎತ್ತಲಿಲ್ಲ. "ಹನ್ನೊಂದು ವರ್ಷ ಆತು, ಯವ್ವಾ. ಅಂವ ಇನ್ನೂ ಒಬ್ಬನ ಅದಾನಂತ. ಕರದ್ರ ಬರ್ತಾನೇನು?"

ಬರುತ್ತಾನೋ ಇಲ್ಲವೋ, ಪಕೀರಮ್ಮನಿಗೇನು ಗೊತ್ತು? ಆದರೆ ಕರೆಯಲು ಅವನು ಬದುಕಿದ್ದಾನಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

"ಕರೀ ತಂಗಿ" ಅಂದಳು. "ಬರೂವಾಗ ಜ್ವಾಳ ಮರೀಬ್ಯಾಡ."